ಏಳು ತಂತಿಯ ಪಿಟೀಲಿನಿಂದ ಯಾಳಿಮುಖದ ವೀಣೆಯವರೆಗೆ: ವಾದ್ಯದ ರೂಪ ಬದಲಾದಾಗ ಗಿರಾಕಿ ಏನೆನ್ನುತ್ತಾನೆ?

ಮುಡುಕುತೊರೆಯ ದನಗಳ ಜಾತ್ರೆಗೆ ಎತ್ತು ಕೊಳ್ಳಲು ಬಂದ ರೈತ ಮೊದಲು ಹಲ್ಲು ನೋಡುತ್ತಾನೆ, ಗೊರಸು ಪರೀಕ್ಷಿಸುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಇವೆಲ್ಲ ಒಪ್ಪಿಗೆಯಾದ ಮೇಲೂ ಸುಳಿ ಸರಿಯಿಲ್ಲವೆಂದು ಕಂಡರೆ ವ್ಯಾಪಾರ ಮುರಿದುಬೀಳುತ್ತದೆ. ಮೈಮೇಲಿನ ಕೂದಲು ಯಾವ ಕಡೆಗೆ ಸುತ್ತಿಕೊಂಡಿದೆ ಎಂಬುದಕ್ಕೂ ನೇಗಿಲು ಎಳೆಯುವ ಶಕ್ತಿಗೂ ಸಂಬಂಧವಿಲ್ಲವೆಂಬುದು ಮಾರುವವನಿಗೂ ಕೊಳ್ಳುವವನಿಗೂ ತಿಳಿಯದ ಸಂಗತಿಯೇನಲ್ಲ. ಆದರೂ ಬೆಲೆ ಕುದುರುವಾಗ ಸುಳಿಗೆ ತನ್ನದೇ ಆದ ಪಾಲು ಸಲ್ಲುತ್ತದೆ. ಹೀಗೆ ಬಳಕೆಯ ಗುಣಕ್ಕೆ ಸೇರದ, ಕಣ್ಣಿಗೆ ಮಾತ್ರ ಕಾಣುವ ಲಕ್ಷಣವೊಂದು ಬೆಲೆಯನ್ನು ಏರಿಸುವ ಅಥವಾ ಇಳಿಸುವ ಉದ್ಯಮಗಳು ಅನೇಕ. ಅವುಗಳಲ್ಲಿ ಸಂಗೀತ ವಾದ್ಯಗಳ ತಯಾರಿಕೆಯಷ್ಟು ಸೂಕ್ಷ್ಮವಾದುದು ಮತ್ತೊಂದಿಲ್ಲ. ಎತ್ತಿಗೆ ಸುಳಿ ಹುಟ್ಟಿನಿಂದಲೇ ಬರುತ್ತದೆ; ವಾದ್ಯಕ್ಕೆ ಅದನ್ನು ಕುಶಲಕರ್ಮಿಯೇ ಕೆತ್ತಿ ಕೊಡಬೇಕು. ಕೆತ್ತನೆಯಲ್ಲಿ ಒಂದು ಗೆರೆ ಬದಲಾದರೂ ನುಡಿಸುವವರಲ್ಲಿ ಚರ್ಚೆ ಆರಂಭವಾಗುತ್ತದೆ.

ಮುಡುಕುತೊರೆಯನ್ನು ಒಳಗೊಂಡ ತಿರುಮಕೂಡಲು ನರಸೀಪುರ ತಾಲ್ಲೂಕಿಗೂ ಈ ಚರ್ಚೆಗೂ ಹಳೆಯ ನಂಟಿದೆ. ಭಾರತೀಯ ಸಂಗೀತ ಕ್ಷೇತ್ರದಲ್ಲಿ ವಾದ್ಯವೊಂದರ ರೂಪವನ್ನೇ ಬದಲಿಸಿ ಅದನ್ನು ಕಚೇರಿಯ ವೇದಿಕೆಯ ಮೇಲೆ ನಿಲ್ಲಿಸಿದ ಪ್ರಸಿದ್ಧ ನಿದರ್ಶನ ಈ ತಾಲ್ಲೂಕಿನದೇ.

ಚೌಡಯ್ಯನವರ ಮೂರು ಹೆಚ್ಚುವರಿ ತಂತಿಗಳು

ಕಾವೇರಿ, ಕಪಿಲೆಗಳು ಕೂಡುವ ತಿರುಮಕೂಡಲಿನಲ್ಲಿ 1895ರಲ್ಲಿ ಜನಿಸಿದ ಟಿ. ಚೌಡಯ್ಯನವರು ಮೈಸೂರಿನಲ್ಲಿ ಬಿಡಾರಂ ಕೃಷ್ಣಪ್ಪನವರ ಬಳಿ ಗುರುಕುಲವಾಸ ಮಾಡಿ ಪಿಟೀಲು ವಿದ್ವಾಂಸರಾದರು. ಅಂದಿನ ಕಚೇರಿಗಳಲ್ಲಿ ಧ್ವನಿವರ್ಧಕದ ಬಳಕೆ ಇರಲಿಲ್ಲ. ಗಾಯಕರು ಎತ್ತರದ ಶ್ರುತಿಯಲ್ಲಿ, ತುಂಬು ಕಂಠದಲ್ಲಿ ಹಾಡುತ್ತಿದ್ದರು. ಮೃದಂಗದ ನಾದವೂ ಜೊತೆಗಿರುತ್ತಿತ್ತು. ಇವೆರಡರ ನಡುವೆ ನಾಲ್ಕು ತಂತಿಯ ಪಿಟೀಲಿನ ನಾದ ಹಿಂದಿನ ಸಾಲುಗಳ ಶ್ರೋತೃಗಳನ್ನು ತಲಪುತ್ತಿರಲಿಲ್ಲ. ಪಕ್ಕವಾದ್ಯಗಾರನಿಗೆ ಇದು ಅನ್ನದ ಪ್ರಶ್ನೆ. ಕೇಳಿಸದ ಪಿಟೀಲಿಗೆ ಮುಂದಿನ ಸಲ ಆಹ್ವಾನ ಬರುವುದಾದರೂ ಹೇಗೆ? 1920ರ ದಶಕದಲ್ಲಿ ಚೌಡಯ್ಯನವರು ಮೂಲ ನಾಲ್ಕು ತಂತಿಗಳಿಗೆ ಮತ್ತೆ ಮೂರನ್ನು ಸೇರಿಸಿ ಏಳು ತಂತಿಯ ಪಿಟೀಲನ್ನು ರೂಪಿಸಿದರು. ಜೋಡಿ ತಂತಿಗಳು ಒಟ್ಟಿಗೆ ಮಿಡಿದಾಗ ನಾದ ತುಂಬಿ ಬಂತು, ದೂರಕ್ಕೂ ಹೋಯಿತು.

ಹೇಳುವುದಕ್ಕೆ ಇದು ಸುಲಭ. ಮಾಡುವುದಕ್ಕೆ ವಾದ್ಯದ ಅರ್ಧಭಾಗವನ್ನೇ ಹೊಸದಾಗಿ ಯೋಚಿಸಬೇಕಾಗುತ್ತದೆ. ಏಳು ತಂತಿಗೆ ಏಳು ಬಿರಡೆ ಬೇಕು. ಬಿರಡೆಗಳಿಗೆ ಸ್ಥಳ ಬೇಕಾದ್ದರಿಂದ ತಲೆಯ ಭಾಗ ಉದ್ದವಾಗುತ್ತದೆ. ಬೆರಳಾಡುವ ಪಟ್ಟಿ ಅಗಲವಾಗಬೇಕು, ಕುದುರೆಯ ಮೇಲೆ ಹೊಸ ಕಚ್ಚುಗಳು ಬೇಕು. ಪ್ರತಿಯೊಂದು ತಂತಿಯೂ ಎಳೆತವನ್ನು ಹೆಚ್ಚಿಸುವುದರಿಂದ ತೆಳುವಾದ ಮೇಲ್ಹಲಗೆಯ ಮೇಲಿನ ಭಾರವೂ ಏರುತ್ತದೆ. ಶ್ರುತಿ ಮಾಡಿಕೊಳ್ಳುವ ಕೆಲಸ ಹೆಚ್ಚುತ್ತದೆ. ಜೋಡಿಯಲ್ಲಿ ಒಂದು ಕೂದಲೆಳೆಯಷ್ಟು ಸರಿದರೂ ಅಪಸ್ವರ ಎರಡರಷ್ಟಾಗಿ ಕೇಳಿಸುತ್ತದೆ. ಸಂಪ್ರದಾಯಸ್ಥರ ಆಕ್ಷೇಪಕ್ಕೆ ಇಷ್ಟು ಕಾರಣಗಳು ಸಾಕಾಗಿದ್ದವು. ಜೊತೆಗೆ ಕಣ್ಣಿಗೆ ಸಂಬಂಧಿಸಿದ ಆಕ್ಷೇಪವೂ ಇದ್ದೇ ಇರುತ್ತದೆ: ಉದ್ದತಲೆಯ ಪಿಟೀಲು ಪಿಟೀಲಿನಂತೆ ಕಾಣುವುದಿಲ್ಲ. ಪಿಟೀಲು ನಮ್ಮ ವೇದಿಕೆಗೆ ಬಂದುದೇ ಹತ್ತೊಂಬತ್ತನೆಯ ಶತಮಾನದಲ್ಲಿ, ಅದೂ ಯುರೋಪಿನಿಂದ, ಎಂಬುದನ್ನು ಇಲ್ಲಿ ಮರೆಯಬಾರದು. ನಿಂತು ನುಡಿಸುವ ವಾದ್ಯವನ್ನು ನೆಲದ ಮೇಲೆ ಕುಳಿತು, ತಲೆಯನ್ನು ಪಾದದ ಮೇಲಿಟ್ಟು ನುಡಿಸುವಂತೆ ಬದಲಿಸಿಕೊಂಡವರೇ ಮುಂದೆ ಅದರ ತಂತಿಗಳ ಸಂಖ್ಯೆಯನ್ನು ಕುರಿತು ಶುದ್ಧಾಶುದ್ಧದ ಮಾತನ್ನಾಡಿದರು!

ಚೌಡಯ್ಯನವರು ಆಕ್ಷೇಪಗಳಿಗೆ ಉತ್ತರ ಹೇಳಿದ್ದು ಕಮಾನಿನಿಂದಲೇ. ಅರಿಯಕುಡಿ ರಾಮಾನುಜ ಅಯ್ಯಂಗಾರ್, ಚೆಂಬೈ ವೈದ್ಯನಾಥ ಭಾಗವತರ್, ಮುಸಿರಿ ಸುಬ್ರಹ್ಮಣ್ಯ ಅಯ್ಯರ್ ಮೊದಲಾದ ಘಟಾನುಘಟಿಗಳಿಗೆ ಅವರು ಪಕ್ಕವಾದ್ಯ ನುಡಿಸಿದರು. ಮೈಸೂರು ಆಸ್ಥಾನ ವಿದ್ವಾಂಸರಾದರು. 1957ರಲ್ಲಿ ಮದ್ರಾಸಿನ ಸಂಗೀತ ಅಕಾಡೆಮಿಯ ಸಂಗೀತ ಕಲಾನಿಧಿ ಗೌರವ ಅವರಿಗೆ ಸಂದಿತು. 1967ರ ಜನವರಿಯಲ್ಲಿ ಅವರು ನಿಧನರಾದರು. ಅವರ ನೆನಪಿಗಾಗಿ ಬೆಂಗಳೂರಿನಲ್ಲಿ ಕೆ.ಕೆ. ಮೂರ್ತಿಯವರ ನೇತೃತ್ವದ ಅಕಾಡೆಮಿ ಆಫ್ ಮ್ಯೂಸಿಕ್ ನಿರ್ಮಿಸಿದ ಚೌಡಯ್ಯ ಸ್ಮಾರಕ ಭವನ 1980ರಲ್ಲಿ ಸಿದ್ಧವಾಯಿತು. ತಂತಿ, ಬಿರಡೆ, ಕುದುರೆ, ಕಮಾನುಗಳ ಸಮೇತ ಪಿಟೀಲಿನ ಆಕಾರದಲ್ಲಿಯೇ ನಿಂತಿರುವ ಈ ಕಟ್ಟಡವನ್ನು ನೋಡದ ಬೆಂಗಳೂರಿಗರು ವಿರಳ.

ಆದರೆ ವ್ಯಾಪಾರದ ದೃಷ್ಟಿಯಿಂದ ಕೇಳಬೇಕಾದ ಪ್ರಶ್ನೆ ಬೇರೆ. ಏಳು ತಂತಿಯ ಪಿಟೀಲು ಎಷ್ಟು ಮಾರಾಟವಾಯಿತು? ಅದು ಅಂಗಡಿಯ ಸರಕಾಗಲೇ ಇಲ್ಲ. ಕೆಲವು ಶಿಷ್ಯರ ಕೈಯಲ್ಲಿ ಉಳಿದುದನ್ನು ಬಿಟ್ಟರೆ ವಿದ್ಯಾರ್ಥಿಗಳು ಇಂದಿಗೂ ಕೊಳ್ಳುವುದು ನಾಲ್ಕು ತಂತಿಯ ಪಿಟೀಲನ್ನೇ. ಕಾರಣ ಸರಳ. ಧ್ವನಿವರ್ಧಕ ಬಂತು, ಯಾವ ಕೊರತೆಯನ್ನು ತುಂಬಲು ಮೂರು ತಂತಿಗಳು ಬಂದವೋ ಆ ಕೊರತೆಯೇ ಇಲ್ಲವಾಯಿತು. ಅವಶ್ಯಕತೆ ಹೋದ ಮೇಲೆ ಹೊಸ ರೂಪವೊಂದು ಉಳಿಯಬೇಕಾದರೆ ಜನರಿಗೆ ಅದರ ಅಂದದಲ್ಲಿ ಮಮತೆ ಹುಟ್ಟಿರಬೇಕು. ಆ ಮಮತೆ ಚೌಡಯ್ಯನವರ ಮೇಲೆ ಧಾರಾಳವಾಗಿ ಹುಟ್ಟಿತು, ಅವರ ವಾದ್ಯದ ಆಕಾರದ ಮೇಲೆ ಹುಟ್ಟಲಿಲ್ಲ.

ದಂತ ಹೋಯಿತು, ಪ್ಲಾಸ್ಟಿಕ್ ಬಂತು

ವೀಣೆಯ ಕಥೆ ಇದಕ್ಕೆ ತಿರುಗುಮುರುಗು. ಅಲ್ಲಿ ನಾದಕ್ಕೆ ಸಂಬಂಧಿಸಿದ ಬದಲಾವಣೆಗಳಿಗಿಂತ ಅಲಂಕಾರದ ಬದಲಾವಣೆಯೇ ಹೆಚ್ಚು ನೋವನ್ನೂ ಹೆಚ್ಚು ವೆಚ್ಚವನ್ನೂ ತಂದಿತು.

ವೀಣೆ ಶೇಷಣ್ಣನವರಂತಹ (1852-1926) ಮಹನೀಯರಿಂದ ಹೆಸರಾದ ಮೈಸೂರು ಬಾನಿಯ ಜೊತೆಯಲ್ಲಿಯೇ ಮೈಸೂರಿನ ವೀಣೆ ತಯಾರಿಕೆಯೂ ಬೆಳೆಯಿತು. ತಂಜಾವೂರಿನ ವೀಣೆ ಹಲಸಿನ ಮರದ್ದಾದರೆ ಮೈಸೂರಿನ ಹಳೆಯ ವೀಣೆಗಳಿಗೆ ಬೀಟೆಮರ ಪ್ರಶಸ್ತ. ಕಪ್ಪುಗೆಂಪು ಬಣ್ಣದ ಆ ಮರದ ಮೇಲೆ ಬಿಳಿಯ ದಂತದ ಬಳ್ಳಿ, ಹೂವು, ಗಂಡಭೇರುಂಡ ಎದ್ದು ಕಾಣುತ್ತಿದ್ದವು. ಅದು ಮೈಸೂರಿನ ಸುಪ್ರಸಿದ್ಧ ಇನ್‌ಲೇ ಕಲೆಯ ವರಸೆಯೇ. ಮರದಲ್ಲಿ ಹಳ್ಳ ತೋಡಿ, ಅದೇ ಅಳತೆಗೆ ಕೊಯ್ದ ದಂತದ ತುಂಡನ್ನು ಅಂಟಿನಿಂದ ಕೂರಿಸಿ, ಮಟ್ಟಮಾಡಿ, ಸೂಕ್ಷ್ಮ ಗೆರೆಗಳನ್ನು ಕೊರೆದು ಅವುಗಳಲ್ಲಿ ಕಪ್ಪು ಅರಗನ್ನು ತುಂಬುವ ಈ ಕೆಲಸದ ಭವ್ಯ ಮಾದರಿಯನ್ನು ಮೈಸೂರು ಅರಮನೆಯ ಅಂಬಾವಿಲಾಸದ ಬಾಗಿಲುಗಳಲ್ಲಿ ಇಂದಿಗೂ ನೋಡಬಹುದು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 1986ರಲ್ಲಿ ತಂದ ತಿದ್ದುಪಡಿ ಭಾರತೀಯ ಆನೆಯ ದಂತದ ವ್ಯಾಪಾರವನ್ನೂ, 1991ರ ತಿದ್ದುಪಡಿ ಆಮದು ದಂತದ ವ್ಯಾಪಾರವನ್ನೂ ನಿಷೇಧಿಸಿದವು. ಕಾಡಿನ ದೃಷ್ಟಿಯಿಂದ ಇದು ಅತ್ಯಗತ್ಯವಾಗಿತ್ತು. ಈ ಬಗ್ಗೆ ಎರಡು ಮಾತಿಲ್ಲ. ಬಂಡೀಪುರ, ನಾಗರಹೊಳೆಗಳ ನೆರೆಯಲ್ಲಿರುವ ಈ ಜಿಲ್ಲೆಯ ಜನಕ್ಕೆ ಅದನ್ನು ವಿವರಿಸಿ ಹೇಳಬೇಕಾಗಿಯೂ ಇಲ್ಲ. ಆದರೆ ಇನ್‌ಲೇ ಕುಶಲಕರ್ಮಿಗೆ ಏಕಾಏಕಿ ಬಿಳಿ ಬಣ್ಣವೇ ಇಲ್ಲವಾಯಿತು. ಆ ಸ್ಥಾನಕ್ಕೆ ಪ್ಲಾಸ್ಟಿಕ್ ಹಾಳೆ ಬಂತು. ಪೀಠೋಪಕರಣ ಹಾಗೂ ಚಿತ್ರಫಲಕ ಮಾಡುವವರು ಬಗೆಬಗೆಯ ಬಣ್ಣದ ಮರಗಳ ತುಂಡುಗಳಿಂದಲೇ ಚಿತ್ರ ಕಟ್ಟುವ ದಾರಿಯನ್ನು ವಿಸ್ತರಿಸಿಕೊಂಡರು. ವೀಣೆಯ ಅಂಚಿಗೆ ಬಿಳಿ ಪಟ್ಟಿಯೇ ಬೇಕೆಂಬ ನಿರೀಕ್ಷೆ ಇದ್ದುದರಿಂದ ವೀಣೆ ಮಾಡುವವರಿಗೆ ಪ್ಲಾಸ್ಟಿಕ್ ಅನಿವಾರ್ಯವಾಯಿತು.

ಇಲ್ಲಿಂದ ನುಡಿಸುವವರ ನಡುವಿನ ಚರ್ಚೆ ಹಲವು ಕವಲಾಗುತ್ತದೆ. ದಂತದ ಕೆಲಸ ದಂಡಿಯ ನಾದಕ್ಕೆ ಏನನ್ನೂ ಸೇರಿಸುತ್ತಿರಲಿಲ್ಲ. ಆದುದರಿಂದ ಪ್ಲಾಸ್ಟಿಕ್ ಆದರೇನು, ಏನೂ ಇಲ್ಲದಿದ್ದರೇನು ಎಂಬುದು ಒಂದು ವಾದ. ಈ ವಾದದವರಿಗೆ ಬರಿಯ ಬೀಟೆಮರದ ಹೊಳಪೇ ಸಾಕು. ವೀಣೆ ಮನೆಯಲ್ಲಿ ಪೂಜೆಗೊಳ್ಳುವ ವಸ್ತು, ನವರಾತ್ರಿಯಲ್ಲಿ ಅರಿಶಿನ ಕುಂಕುಮ ಪಡೆಯುವ ವಾದ್ಯ, ಅಲಂಕಾರವಿಲ್ಲದ ವೀಣೆ ಬೋಳುಹಣೆಯಂತೆ ಎಂಬುದು ಇನ್ನೊಂದು ವಾದ. ಕಾಲ ಸರಿದಂತೆ ಪ್ಲಾಸ್ಟಿಕ್ ಹಳದಿಗಟ್ಟುವುದು, ಅಂಚು ಎದ್ದು ಸೀರೆಗೆ ಸಿಕ್ಕುವುದು ಮುಂತಾದ ನಿತ್ಯದ ದೂರುಗಳು ಬೇರೆ. ಇವೆಲ್ಲವೂ ನಿಜವೇ. ಆದರೆ ಈ ಚರ್ಚೆಯಲ್ಲಿ ಬಹುಮಟ್ಟಿಗೆ ಮರೆತುಹೋಗುವವನು ಕೆತ್ತುವವನು. ದಂತವನ್ನು ಹಳ್ಳ ತೋಡಿಯೇ ಕೂರಿಸಬೇಕಾಗಿತ್ತು. ಪ್ಲಾಸ್ಟಿಕ್ ಪಟ್ಟಿಯನ್ನು ಮೇಲಿನಿಂದ ಅಂಟಿಸಿಯೂ ಮುಗಿಸಬಹುದು. ಚಿತ್ತಾರವನ್ನು ಯಂತ್ರದಿಂದಲೇ ಕೊರೆದುಕೊಳ್ಳಬಹುದು. ಬದಲಾದುದು ನೋಡಲು ಬಿಳಿಯ ಜಾಗದಲ್ಲಿ ಬಿಳಿಯೇ. ಕಳೆದುಹೋದುದು ಹಲವು ದಿನಗಳ ಕೂಲಿ ಮತ್ತು ಆ ಕೂಲಿಯನ್ನು ಗಳಿಸಿಕೊಡುತ್ತಿದ್ದ ಕೈಚಳಕ. ಅಲಂಕಾರವನ್ನು ‘ಕೇವಲ ಅಲಂಕಾರ’ವೆಂದು ಕರೆಯುವವರು ಈ ಲೆಕ್ಕವನ್ನು ಹಿಡಿಯುವುದಿಲ್ಲ.

ಹಳೆಯ ದಂತದ ವೀಣೆಗಳ ಒಡೆತನ ಹೊಂದಿದ ಮನೆತನಗಳ ಸ್ಥಿತಿಯೂ ವಿಚಿತ್ರವಾದುದು. ವಂಶಪಾರಂಪರ್ಯವಾಗಿ ಬಂದುದನ್ನು ಇಟ್ಟುಕೊಂಡು ನುಡಿಸಬಹುದು, ಆದರೆ ವ್ಯಾಪಾರಕ್ಕೆ ಇಡುವಂತಿಲ್ಲ. ವಿದೇಶದ ಕಚೇರಿಗೆ ಒಯ್ಯಬೇಕೆಂದರೆ ಗಡಿಯ ಕಾನೂನುಗಳು ಅಡ್ಡ ಬರುತ್ತವೆ. ಅತ್ಯುತ್ತಮವಾದ ವಾದ್ಯ ಮನೆಯಲ್ಲಿ, ಎರಡನೆಯ ದರ್ಜೆಯದು ವಿಮಾನದಲ್ಲಿ.

ಯಾಳಿ ಬೇಕೆ, ಎರಡನೆಯ ಬುರುಡೆ ಬೇಕೆ?

ವಿಮಾನದ ಮಾತು ಬಂದುದರಿಂದ ಇದನ್ನೂ ಹೇಳಬೇಕು. ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾ, ಸಿಂಗಪುರಗಳಲ್ಲಿ ನೆಲೆಸಿರುವ ಕುಟುಂಬಗಳ ಮಕ್ಕಳು ವೀಣೆ ಕಲಿಯತೊಡಗಿದ ಮೇಲೆ ವಾದ್ಯದ ಉದ್ದವೇ ದೊಡ್ಡ ಸಮಸ್ಯೆಯಾಯಿತು. ಒಂದೇ ದಿಮ್ಮಿಯಲ್ಲಿ ಕೊರೆದ ಏಕಾಂಡ ವೀಣೆಗೆ ಗೌರವ ಹೆಚ್ಚು; ಆದರೆ ಅದನ್ನು ಮಡಚಲು ಬರುವುದಿಲ್ಲ. ಹೀಗಾಗಿ ದಂಡಿ ಹಾಗೂ ಕೊಡಗಳನ್ನು ಬೇರ್ಪಡಿಸಬಹುದಾದ ವೀಣೆಗಳು, ಫೈಬರ್‌ಗ್ಲಾಸಿನ ಬುರುಡೆಗಳು, ಗಾತ್ರ ತಗ್ಗಿಸಿದ ಪ್ರಯಾಣದ ವೀಣೆಗಳು ಬಂದವು. ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯಿಂದ ಮನೆಮಾತಾದ ಬೆಂಗಳೂರಿನ ರಾಡೆಲ್ ಸಂಸ್ಥೆ ಡಿಜಿಟಲ್ ವೀಣೆಯನ್ನೇ ಮಾರುಕಟ್ಟೆಗೆ ತಂದಿತು.

ಗಮನಾರ್ಹವಾದ ಸಂಗತಿಯೆಂದರೆ ಹೊಸ ರೂಪಗಳಲ್ಲಿ ಯಾವುದನ್ನು ಬಿಡಲಾಯಿತು, ಯಾವುದನ್ನು ಬಿಡಲಾಗಲಿಲ್ಲ ಎಂಬುದು. ದಂಡಿಯ ತುದಿಯಲ್ಲಿ ಬಾಗಿ ನಿಲ್ಲುವ ಯಾಳಿಮುಖಕ್ಕೆ ನಾದದಲ್ಲಿ ಯಾವ ಪಾತ್ರವೂ ಇಲ್ಲ. ಎಡತೊಡೆಯ ಮೇಲೆ ಒರಗುವ ಎರಡನೆಯ ಬುರುಡೆ ಆಸರೆಯಾಗಿ ಉಪಯುಕ್ತ. ಮುಖ್ಯ ಕೊಡದೊಂದಿಗೆ ಹೋಲಿಸಿದರೆ ನಾದಕ್ಕೆ ಅದರ ಕೊಡುಗೆ ಅಲ್ಪ. ಹಿಂದೆ ಒಣಗಿಸಿದ ಸೋರೆಬುರುಡೆಯಿದ್ದ ಜಾಗಕ್ಕೆ ಕಾಗದದ ರೊಟ್ಟು, ಲೋಹ, ಫೈಬರ್ ಬಂದಾಗ ಆದ ಗದ್ದಲ ಕಡಿಮೆ. ಆದರೆ ಯಾಳಿಯನ್ನು ತೆಗೆದ ವೀಣೆಯನ್ನು ಅನೇಕರು ವೀಣೆಯೆಂದೇ ಒಪ್ಪುವುದಿಲ್ಲ. ಯಾಳಿಯ ಬಾಯಿ ತೆರೆದಿರಬೇಕೆ, ನಾಲಗೆಗೆ ಕೆಂಪು ಇರಬೇಕೆ, ಚಿನ್ನದ ಬಣ್ಣ ಬಳಿಯಬೇಕೆ, ಮರವನ್ನು ಹಾಗೆಯೇ ಬಿಡಬೇಕೆ ಎಂಬಿವು ಕೊಳ್ಳುವವರು ಕೂಲಂಕಷವಾಗಿ ಚರ್ಚಿಸುವ ವಿಷಯಗಳು. ಮೆಟ್ಟಿಲುಗಳನ್ನು ಕೂರಿಸುವ ಮೇಣದ ಗುಣಮಟ್ಟವನ್ನು ಕುರಿತು ಅಷ್ಟು ಪ್ರಶ್ನೆಗಳು ಬರುವುದಿಲ್ಲ. ಇಪ್ಪತ್ತನಾಲ್ಕು ಮೆಟ್ಟಿಲುಗಳ ಸ್ವರಶುದ್ಧಿ ನಿಂತಿರುವುದು ಮಾತ್ರ ಆ ಮೇಣದ ಮೇಲೆಯೇ.

ಫುಲರ್‌ಟನ್‌ನ ಗಿಟಾರು, ಪಶ್ಚಿಮಘಟ್ಟದ ಮರ

ಇದು ನಮ್ಮವರ ವಿಶೇಷ ದೌರ್ಬಲ್ಯವೆಂದು ಭಾವಿಸಬೇಕಾಗಿಲ್ಲ. ವಿದ್ಯುತ್ ವಾದ್ಯಗಳಲ್ಲಿ ಅತ್ಯಂತ ‘ಆಧುನಿಕ’ವೆನಿಸಿದ ಬೇಸ್ ಗಿಟಾರ್ ನುಡಿಸುವವರಲ್ಲಿಯೂ ಇದೇ ಜಗಳವಿದೆ, ಇನ್ನೂ ತೀವ್ರವಾಗಿ. ಕ್ಯಾಲಿಫೋರ್ನಿಯಾದ ಫುಲರ್‌ಟನ್‌ನಲ್ಲಿ ಲಿಯೊ ಫೆಂಡರ್ 1951ರಲ್ಲಿ ಹೊರತಂದ ಪ್ರಿಸಿಷನ್ ಬೇಸ್ ಚಪ್ಪಟೆ ಹಲಗೆಯಂತಿತ್ತು. 1954ರಲ್ಲಿ ಮೈಗೆ ಒರಗಲು ಅನುಕೂಲವಾಗುವಂತೆ ಅದರ ಅಂಚುಗಳನ್ನು ಕೆತ್ತಲಾಯಿತು. 1957ರಲ್ಲಿ ತಲೆಭಾಗ ದೊಡ್ಡದಾಯಿತು, ಮುಂಭಾಗದ ರಕ್ಷಣಾಫಲಕ ಬದಲಾಯಿತು, ನಾದಗ್ರಾಹಕ ಎರಡು ತುಂಡಾಯಿತು. ಇವುಗಳಲ್ಲಿ ಕೊನೆಯದು ಮಾತ್ರ ನಾದಕ್ಕೆ ನೇರವಾಗಿ ಸಂಬಂಧಿಸಿದ್ದು. ಆದರೆ ಅಭಿಮಾನಿಗಳ ಕಾದಾಟ ನಡೆದುದು ತಲೆಯ ಆಕಾರ ಹಾಗೂ ಫಲಕದ ಬಣ್ಣವನ್ನು ಕುರಿತು. ತಂತಿಗಳ ಮೇಲೆ ಮುಚ್ಚುತ್ತಿದ್ದ ಹೊಳೆಯುವ ಲೋಹದ ಕವಚಗಳು ಬೆರಳಿಗೆ ಅಡ್ಡಿಯೆಂದು ನುಡಿಸುವವರೇ ಕಿತ್ತಿಡುತ್ತಿದ್ದರು. ಕಾರ್ಖಾನೆ ಅವುಗಳನ್ನು ಕೈಬಿಟ್ಟ ಮೇಲೆ, ಹಳೆಯ ಮಾದರಿಯ ಮರುತಯಾರಿಕೆಯಲ್ಲಿ ಕವಚವಿಲ್ಲದಿದ್ದರೆ ಅದು ಅಸಲಿಯಲ್ಲವೆಂದು ಅಸಮಾಧಾನಪಟ್ಟರು. 1960ರಲ್ಲಿ ಬಂದ ಜಾಝ್ ಬೇಸ್‌ನ ಬೆರಳುಪಟ್ಟಿಯ ಮೇಲೆ ಮೊದಲು ಚುಕ್ಕೆಗಳಿದ್ದವು, 1966ರಲ್ಲಿ ಚೌಕಗಳಾದವು. ಚುಕ್ಕೆಯೋ ಚೌಕವೋ ಎಂಬ ಪ್ರಶ್ನೆ ಇಂದಿಗೂ ಜೀವಂತ.

ಫೆಂಡರ್ ಸಂಸ್ಥೆ ಈ ಜಗಳವನ್ನು ಹೇಗೆ ನಿಭಾಯಿಸಿತೆಂಬುದು ಉದ್ಯಮಿಗಳಿಗೆ ಆಸಕ್ತಿದಾಯಕ. 1957ರಲ್ಲಿ ತಾನೇ ಕೈಬಿಟ್ಟ ಹಳೆಯ ರೂಪವನ್ನು 1968ರಲ್ಲಿ ಟೆಲಿಕ್ಯಾಸ್ಟರ್ ಬೇಸ್ ಎಂಬ ಬೇರೆ ಹೆಸರಿನಲ್ಲಿ ಮತ್ತೆ ಮಾರಾಟಕ್ಕಿಟ್ಟಿತು. ಹೊಸದನ್ನು ಹಿಂತೆಗೆದುಕೊಳ್ಳಲಿಲ್ಲ, ಹಳೆಯದನ್ನು ಬಯಸುವವರನ್ನು ತಿದ್ದಲೂ ಹೋಗಲಿಲ್ಲ. ಎರಡಕ್ಕೂ ಬೆಲೆ ಕಟ್ಟಿತು.

ನಮಗೆ ಇನ್ನೂ ಹತ್ತಿರದ ಸಂಬಂಧವೊಂದಿದೆ. 1959ರಿಂದ ಫೆಂಡರ್ ವಾದ್ಯಗಳ ಬೆರಳುಪಟ್ಟಿಗೆ ಬೀಟೆಜಾತಿಯ ಮರ ಬಂತು. ಆರಂಭದಲ್ಲಿ ಗಿಟಾರ್ ಉದ್ಯಮ ನೆಚ್ಚಿಕೊಂಡಿದ್ದುದು ಬ್ರೆಜಿಲಿನ ಬೀಟೆಯನ್ನು. ಅಲ್ಲಿಂದ ದಿಮ್ಮಿ ಸಿಗುವುದು ದುಸ್ತರವಾದ ಮೇಲೆ 1960ರ ದಶಕದ ಉತ್ತರಾರ್ಧದಿಂದ ಭಾರತದ ಬೀಟೆ ಆ ಸ್ಥಾನವನ್ನು ತುಂಬಿತು. ಅಮೆರಿಕದ ಮತ್ತೊಂದು ಪ್ರಸಿದ್ಧ ಗಿಟಾರ್ ಸಂಸ್ಥೆ ಮಾರ್ಟಿನ್ 1969ರಲ್ಲಿ ಬ್ರೆಜಿಲಿನದನ್ನು ಬಿಟ್ಟು ಭಾರತದ್ದನ್ನು ಅಂಗೀಕರಿಸಿತು. ಆಗಲೂ ಗಿರಾಕಿಗಳ ಮೊದಲ ಆಕ್ಷೇಪಗಳಲ್ಲಿ ಒಂದು ಬಣ್ಣವನ್ನು ಕುರಿತದ್ದೇ: ಬ್ರೆಜಿಲಿನ ಮರದ ಕಪ್ಪುಗೆರೆಗಳು ಇದರಲ್ಲಿ ಇಲ್ಲವಲ್ಲ! ಈಗ ಅದೇ ಭಾರತೀಯ ಬೀಟೆ ಅವರಿಗೆ ‘ಸಂಪ್ರದಾಯ’.

ಅದು ಎಷ್ಟು ಗಟ್ಟಿಯಾದ ಸಂಪ್ರದಾಯವೆಂಬುದು 2017ರಲ್ಲಿ ತಿಳಿಯಿತು. ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧಕ್ಕೆ ಬೀಟೆಯ ಇಡೀ ಕುಲವನ್ನು ಸೇರಿಸುವ ನಿರ್ಣಯ 2016ರಲ್ಲಿ ಜೊಹಾನ್ಸ್‌ಬರ್ಗ್ ಸಮ್ಮೇಳನದಲ್ಲಿ ಆಯಿತು. 2017ರ ಜನವರಿ 2ರಿಂದ ಜಾರಿಗೆ ಬಂತು. ಪ್ರತಿ ರಫ್ತಿಗೂ ದಾಖಲೆ ಅಗತ್ಯವಾದಾಗ ಫೆಂಡರ್ ತನ್ನ ಮೆಕ್ಸಿಕೊ ಕಾರ್ಖಾನೆಯ ಹಲವು ಮಾದರಿಗಳಲ್ಲಿ ಬೀಟೆಯ ಬದಲು ಪಾವ್ ಫೆರೊ ಎಂಬ ದಕ್ಷಿಣ ಅಮೆರಿಕದ ಮರವನ್ನು ಬಳಸಿತು. ತುಸು ತಿಳಿಬಣ್ಣದ ಆ ಪಟ್ಟಿಯನ್ನು ಕಂಡ ಬೇಸ್ ವಾದಕರಲ್ಲಿ ಎದ್ದ ಕೋಲಾಹಲ ಸಾಮಾನ್ಯವಾದುದಲ್ಲ. ನಾದದಲ್ಲಿ ವ್ಯತ್ಯಾಸವಿದೆಯೆಂದು ಕೆಲವರು, ಇಲ್ಲವೆಂದು ಹಲವರು. ಕಣ್ಣಿಗೆ ಒಗ್ಗದೆಂಬುದರಲ್ಲಿ ಮಾತ್ರ ಹೆಚ್ಚಿನವರಿಗೆ ಏಕಾಭಿಪ್ರಾಯ. ಕಪ್ಪಗಾಗಿಸಲು ಬಣ್ಣ ಬಳಿದುಕೊಂಡವರೂ ಉಂಟು.

ನಮ್ಮ ರಫ್ತುದಾರರ ಪಾಲಿಗೆ ಇದು ಬಣ್ಣದ ಚರ್ಚೆಯಾಗಿರಲಿಲ್ಲ. ಭಾರತದಿಂದ ಬೀಟೆ ದಿಮ್ಮಿಗಳ ರಫ್ತಿಗೆ ಅವಕಾಶವಿಲ್ಲ. ಹೊರಹೋಗುವುದು ಸಂಸ್ಕರಿಸಿದ ಬಿಡಿಭಾಗಗಳು ಹಾಗೂ ಕರಕುಶಲ ವಸ್ತುಗಳು. ಕರಕುಶಲ ವಸ್ತುಗಳ ರಫ್ತು ಉತ್ತೇಜನ ಮಂಡಳಿ ನೀಡುವ ‘ವೃಕ್ಷ್’ ಪ್ರಮಾಣಪತ್ರದ ವ್ಯವಸ್ಥೆಯಿಂದ ಸಾಗಣೆ ನಿಲ್ಲಲಿಲ್ಲವಾದರೂ ಕಾಗದಪತ್ರಗಳ ಹೊರೆ ಹೆಚ್ಚಿತು. ಸಣ್ಣ ತಯಾರಕನಿಗೆ ಆ ಹೊರೆಯೇ ದೊಡ್ಡ ಸುಂಕ. 2019ರ ನವೆಂಬರ್ 26ರಿಂದ ಸಿದ್ಧ ಸಂಗೀತ ವಾದ್ಯಗಳು, ಅವುಗಳ ಸಿದ್ಧ ಭಾಗಗಳು ಹಾಗೂ ಬಿಡಿ ಸಾಮಗ್ರಿಗಳಿಗೆ ಸೈಟಿಸ್ ವಿನಾಯಿತಿ ದೊರೆಯಿತು. ಬೀಟೆಮರದ ವೀಣೆಯೊಂದನ್ನು ವಿದೇಶದ ವಿದ್ಯಾರ್ಥಿಗೆ ಕಳುಹಿಸುವ ಮೈಸೂರಿನ ತಯಾರಕನಿಗೂ ಈ ವಿನಾಯಿತಿ ಅನ್ವಯಿಸುತ್ತದೆ. ಅದರ ಮೇಲೆ ಅಂಟಿಸಿರುವುದು ದಂತವಲ್ಲವೆಂದು ತೋರಿಸಬೇಕಾದ ಪ್ರಸಂಗ ಬರಬಹುದು, ಅಷ್ಟೆ. ದಂತದಂತೆ ಕಾಣಬೇಕೆಂದೇ ಆರಿಸಿದ ಪ್ಲಾಸ್ಟಿಕ್ಕನ್ನು ದಂತವಲ್ಲವೆಂದು ಸಾಧಿಸಬೇಕಾದ ಪರಿಸ್ಥಿತಿಯ ಸ್ವಾರಸ್ಯವನ್ನು ವಿವರಿಸುವ ಅಗತ್ಯವಿಲ್ಲ.

ಹೆಸರಿನ ಬೆಲೆ

ಮೈಸೂರಿನ ಬೀಟೆಮರದ ಇನ್‌ಲೇ ಕಲೆಗೆ ಭೌಗೋಳಿಕ ಸೂಚಕದ ನೋಂದಣಿಯಿದೆ. 1999ರ ಕಾಯ್ದೆ 2003ರಲ್ಲಿ ಜಾರಿಗೆ ಬಂದ ಬಳಿಕ ಮೊದಮೊದಲು ನೋಂದಣಿ ಪಡೆದ ಕರ್ನಾಟಕದ ಸರಕುಗಳಲ್ಲಿ ಮೈಸೂರು ರೇಷ್ಮೆ, ನಂಜನಗೂಡಿನ ರಸಬಾಳೆಗಳ ಜೊತೆ ಇದೂ ಸೇರಿದೆ. ಇಲ್ಲಿ ನೋಂದಣಿ ದೊರೆತುದು ಅಲಂಕಾರದ ಕಲೆಗೆ. ತಂಜಾವೂರು 2013ರಲ್ಲಿ ವೀಣೆಯನ್ನು ವಾದ್ಯವೆಂದೇ ನೋಂದಾಯಿಸಿಕೊಂಡಿತು. ದೊಡ್ಡಬಳ್ಳಾಪುರ ತಾಲ್ಲೂಕಿನ ಸಿಂಪಾಡಿಪುರದಲ್ಲಿ ಹಲಸಿನ ಮರದ ವೀಣೆಗಳನ್ನು ಮಾಡಿ ನಾಡಿಗೆ ಒದಗಿಸುತ್ತಿರುವ ಕುಟುಂಬಗಳಿವೆ. ಹೀಗೆ ಕರ್ನಾಟಕದ ವೀಣೆಗೆ ಒಂದಕ್ಕಿಂತ ಹೆಚ್ಚು ತವರುಗಳಿದ್ದು, ಗಿರಾಕಿಗೆ ಅವುಗಳ ಅಂತರ ತಿಳಿಯುವುದು ಬಹುಮಟ್ಟಿಗೆ ಮರದ ಬಣ್ಣ ಹಾಗೂ ಅಂಚಿನ ಚಿತ್ತಾರದಿಂದಲೇ.

ಹಾಗಿರುವಾಗ ಚಿತ್ತಾರ ಹೇಗೆ ಮಾಡಿದ್ದೆಂಬುದನ್ನು ಬೆಲೆಪಟ್ಟಿಯಲ್ಲಿಯೇ ತಿಳಿಸುವ ಪದ್ಧತಿ ಬರಬೇಕಾಗಿದೆ. ಹಳ್ಳ ತೋಡಿ ಮರದಲ್ಲಿಯೇ ಕೂರಿಸಿದ ಕೆಲಸ ಒಂದು ದರ್ಜೆ, ಯಂತ್ರದಲ್ಲಿ ಕೊರೆದ ಪಟ್ಟಿಯನ್ನು ಅಂಟಿಸಿದ್ದು ಇನ್ನೊಂದು, ಚಿತ್ತಾರವೇ ಇಲ್ಲದ ಬರಿಯ ಬೀಟೆ ಮತ್ತೊಂದು. ಮೂರೂ ನ್ಯಾಯವಾದ ಸರಕುಗಳೇ. ಮೂರನ್ನೂ ಒಂದೇ ಹೆಸರಿನಲ್ಲಿ ಮಾರುವುದರಿಂದ ನಷ್ಟವಾಗುವುದು ಮೊದಲನೆಯದನ್ನು ಮಾಡಬಲ್ಲವನಿಗೆ. ಬಿಳಿ ಬಣ್ಣವೇ ಬೇಕೆಂಬ ಹಟವನ್ನು ಬಿಟ್ಟರೆ ಹಲಸಿನ ಹಳದಿ ಮೊದಲಾದ ಮರಬಣ್ಣಗಳು ವೀಣೆಯ ದಂಡಿಗೂ ಬರಬಹುದು. ಚಿತ್ರಫಲಕಗಳಲ್ಲಿ ಮೈಸೂರಿನ ಕುಶಲಕರ್ಮಿಗಳು ಅದನ್ನು ಈಗಾಗಲೇ ಸಾಧಿಸಿ ತೋರಿಸಿದ್ದಾರೆ.

ಮರದ ಪೂರೈಕೆಯ ಪ್ರಶ್ನೆ ಇವೆಲ್ಲಕ್ಕಿಂತ ಮೊದಲಿನದು. ಬೀಟೆ ನಿಧಾನವಾಗಿ ಬೆಳೆಯುವ ಮರ. ಕಡಿಯಲು, ಸಾಗಿಸಲು ಅರಣ್ಯ ಇಲಾಖೆಯ ಅನುಮತಿ ಬೇಕು. ವೀಣೆಗೆ ಬೇಕಾದ ಅಗಲದ, ಬಿರುಕಿಲ್ಲದ ದಿಮ್ಮಿ ಹರಾಜಿನಲ್ಲಿ ಬಂದಾಗ ಅದರ ಎದುರು ನಿಲ್ಲುವವರು ಪೀಠೋಪಕರಣದ ದೊಡ್ಡ ವ್ಯಾಪಾರಿಗಳು. ವರ್ಷಕ್ಕೆ ಬೆರಳೆಣಿಕೆಯ ದಿಮ್ಮಿಗಳನ್ನಷ್ಟೇ ಕೇಳುವ ವೀಣೆ ತಯಾರಕ ಅವರೊಡನೆ ಬೆಲೆಯೇರಿಸಲಾರ. ಕೊಂಡ ಮರವನ್ನು ಒಣಗಲು ಬಿಟ್ಟು ಕಾಯುವ ಕಾಲದಲ್ಲಿ ಅವನ ಬಂಡವಾಳವೂ ಅದರೊಂದಿಗೆ ಮೂಲೆಯಲ್ಲಿ ಒರಗಿರುತ್ತದೆ. ವಾದ್ಯ ತಯಾರಕರಿಗಾಗಿ ಪ್ರತ್ಯೇಕ ಸಣ್ಣ ಪ್ರಮಾಣದ ಹಂಚಿಕೆ ಹಾಗೂ ಒಣಗಿಸುವ ಅವಧಿಗೆ ದುಡಿಮೆ ಬಂಡವಾಳದ ಸಾಲ, ಇವೆರಡು ಒದಗಿದರೆ ಯಾಳಿಯ ನಾಲಗೆಗೆ ಕೆಂಪು ಬೇಕೇ ಬೇಡವೇ ಎಂಬುದನ್ನು ಗಿರಾಕಿಯೂ ಕುಶಲಕರ್ಮಿಯೂ ತಾವೇ ಕುಳಿತು ತೀರ್ಮಾನಿಸಿಕೊಳ್ಳುತ್ತಾರೆ.